ಬಾನೆಟ್ಟಿನ ಮುಂದಿನ ಅಭಾವ: ಒಂದು ಪ್ರಮಾಣವಿಚಾರ

ಕುಮಾರಿಲ ಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ಒಪ್ಪುವ ಆರು ಪ್ರಮಾಣಗಳಲ್ಲಿ ಒಂದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಅಲ್ಲಿ ಗಡಿಗೆ ಇಲ್ಲ ಎಂಬ ತಿಳಿವು ಇದರಿಂದ ಹುಟ್ಟುತ್ತದೆ. ಇಷ್ಟು ಬಲವಾದ ಪ್ರಮಾಣವನ್ನು ನಮ್ಮ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷ ಆ ಬಡ ಗಡಿಗೆಗೇ ಕಟ್ಟಿಹಾಕಿದ್ದರು. ಅದನ್ನು ಉಕ್ಕಿನಲ್ಲಿ ಕಡೆದು, ಬಣ್ಣ ಬಳಿದು, ಸಾಲದ ಕಂತಿನ ಮೇಲೆ ಮನೆಮನೆಗೆ ಮುಟ್ಟಿಸಿದ ಕೀರ್ತಿ ಅಮೆರಿಕದ ದೈತ್ಯ ಪಿಕಪ್ ಮತ್ತು ಎಸ್‌ಯುವಿಗಳದು. ಸಿದ್ಧಾಂತ ಸರಳವಾಗಿದೆ: ಚಾಲಕನ ಸೀಟಿನಿಂದ ಬಾನೆಟ್ಟಿನ ಮುಂದೆ ಏನೂ ಕಾಣುವುದಿಲ್ಲ; ಆದ್ದರಿಂದ ಅಲ್ಲಿ ಏನೂ ಇಲ್ಲ. ಈ ಸಿದ್ಧಾಂತವನ್ನು ಪೂರ್ವಪಕ್ಷಗಳ ಖಂಡನೆಯೊಂದಿಗೆ ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಅಭಾವದ ಪರಿಮಾಣವನ್ನು ನಿಶ್ಚಯಿಸೋಣ. ಚಾಲಕನ ಕಣ್ಣು ನೆಲದಿಂದ 1.7 ಮೀಟರ್ ಎತ್ತರದಲ್ಲಿದೆ, ಬಾನೆಟ್ಟಿನ ಮುಂದಿನ ಅಂಚು ಕಣ್ಣಿನಿಂದ 2 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಆ ಅಂಚು 90 ಸೆಂಟಿಮೀಟರ್ ಎತ್ತರವಿದ್ದರೆ, ಅದರಾಚೆ ಎರಡೂಕಾಲು ಮೀಟರ್ ದೂರದಲ್ಲಿ ದೃಷ್ಟಿರೇಖೆ ರಸ್ತೆಯನ್ನು ಮುಟ್ಟುತ್ತದೆ. ಅಂಚನ್ನು ಕೇವಲ 25 ಸೆಂಟಿಮೀಟರ್ ಏರಿಸಿ. ಅದು ಮುಟ್ಟುವುದು ನಾಲ್ಕು ಮೀಟರ್ ದಾಟಿದ ಮೇಲೆ. ಒಂದು ಗೇಣು ಉಕ್ಕಿಗೆ ಇಷ್ಟು ಶೂನ್ಯ ಸಿಗುವ ವ್ಯಾಪಾರ ಬೌದ್ಧರಿಗೂ ದಕ್ಕಿರಲಿಲ್ಲ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ಈ ಎರಡನೆಯ ವಾಹನದೆದುರು ಒಂದು ಮೀಟರ್ ಅಂತರದಲ್ಲಿ ಅದು ನೆತ್ತಿಸಮೇತ ಅಭಾವದಲ್ಲಿ ಲೀನ. ಅಮೆರಿಕದ ಗ್ರಾಹಕ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 2021ರಲ್ಲಿ ಅಳೆದು ನೋಡಿದಾಗ, ಕೆಲವು ಪಿಕಪ್‌ಗಳ ಮುಂದಿನ ಕಾಣದ ಜಾಗ ಕೆಲವು ಸೆಡಾನ್‌ಗಳಿಗಿಂತ 11 ಅಡಿ ಹೆಚ್ಚು ಉದ್ದವಿತ್ತು. 2000ದಿಂದೀಚೆಗೆ ಪಿಕಪ್ ಬಾನೆಟ್ಟುಗಳ ಎತ್ತರ ಸರಾಸರಿ ಶೇ. 11ರಷ್ಟು ಏರಿದೆಯೆಂದೂ ಅದು ಲೆಕ್ಕ ಕೊಟ್ಟಿತು. ಅಭಾವವೂ ಬೆಳೆಯುವ ವಸ್ತುವೆಂದು ಇದರಿಂದ ಸಿದ್ಧವಾಯಿತು.

ಇಲ್ಲಿ ತಾರ್ಕಿಕನೊಬ್ಬ ಎದ್ದು ನಿಲ್ಲುತ್ತಾನೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನಲಾಗದು, ಇದ್ದಿದ್ದರೆ ಕಾಣಲೇಬೇಕಾಗಿದ್ದದ್ದು ಕಾಣದಿದ್ದಾಗ ಮಾತ್ರ ಹಾಗೆನ್ನಬಹುದು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನುತ್ತೀರಾ, ಎಂದು ಕೇಳುತ್ತಾನೆ. ಶಾಸ್ತ್ರದಲ್ಲಿ ಇದು ಸರಿಯಾದ ಮಾತೇ. ಆದರೆ ಶಾಸ್ತ್ರ ಬಲ್ಲವರು ಶೋರೂಮಿಗೆ ಹೋಗುವುದು ಕಡಿಮೆ. ಎತ್ತರದಲ್ಲಿ ಕೂತರೆ ಎಲ್ಲವೂ ಕಾಣುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಅದೂ ನಿಜ: ಮೂರು ಕಾರುಗಳಾಚೆಯ ಸಿಗ್ನಲ್, ಮುಂದಿನವನ ಕಾರಿನ ತಾರಸಿ, ದಿಗಂತ, ಎಲ್ಲವೂ ಕಾಣುತ್ತವೆ. ಕಾಣದ್ದು ಪಾದಮೂಲವೊಂದೇ, ದೊಡ್ಡವರಿಗೆ ಅದು ಎಂದು ಕಂಡಿದೆ?

ಎರಡನೆಯ ಪೂರ್ವಪಕ್ಷ ಗಟ್ಟಿಯಾಗಿದೆ. ಅಮೆರಿಕದಲ್ಲಿ 2009ರಲ್ಲಿ 4,109 ಪಾದಚಾರಿಗಳು ವಾಹನಗಳಿಗೆ ಸಿಕ್ಕಿ ಸತ್ತರು, 2022ರಲ್ಲಿ 7,522. ಈ ಏರಿಕೆಗೆ ಫೋನು, ವೇಗಕ್ಕೆಂದೇ ಹಾಸಿದ ಅಗಲ ರಸ್ತೆಗಳು, ಇರುಳು ಕಾರಣವೇ ಹೊರತು ಬಾನೆಟ್ ಅಲ್ಲ ಎನ್ನುತ್ತಾರೆ. ಹೆಚ್ಚಿನ ಸಾವುಗಳು ಕತ್ತಲಾದ ಮೇಲೆ ಆಗುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ದುರದೃಷ್ಟವಶಾತ್ ಅಲ್ಲಿನ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಶ್ನೆಯನ್ನೇ ಬದಲಿಸಿತು. ಯಾರು ಯಾಕೆ ಡಿಕ್ಕಿಗೆ ಸಿಕ್ಕರು ಎಂದು ಕೇಳದೆ, ಸಿಕ್ಕವರಲ್ಲಿ ಸತ್ತವರು ಯಾರು ಎಂದು ಸುಮಾರು 18,000 ಅಪಘಾತಗಳಲ್ಲಿ ಹುಡುಕಿತು. ಬಾನೆಟ್ 40 ಇಂಚಿಗಿಂತ, ಅಂದರೆ ಒಂದು ಮೀಟರಿಗಿಂತ ಎತ್ತರವಿದ್ದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ವಾಹನಕ್ಕಿಂತ ಸಾವಿನ ಸಂಭವ ಸುಮಾರು ಶೇ. 45 ಹೆಚ್ಚು. ತಗ್ಗಿನ ಕಾರು ಕಾಲಿಗೆ ಬಡಿದು ಮನುಷ್ಯನನ್ನು ತನ್ನ ಮೇಲೆ ಉರುಳಿಸಿಕೊಳ್ಳುತ್ತದೆ. ಗೋಡೆಯಂಥ ಮೂತಿ ಎದೆಗೆ, ಮಗುವಾದರೆ ತಲೆಗೇ ಬಡಿದು ಚಕ್ರದ ದಾರಿಗೆ ಕೆಡವುತ್ತದೆ. ಇಲ್ಲದ ವಸ್ತುವಿಗೆ ಇಷ್ಟು ಪೆಟ್ಟಾಗುವುದು ಹೇಗೆಂಬ ಪ್ರಶ್ನೆಗೆ ನಮ್ಮ ಸಿದ್ಧಾಂತದಲ್ಲಿ ಸದ್ಯಕ್ಕೆ ಉತ್ತರವಿಲ್ಲ. ಅದನ್ನು ವಿಮೆಯವರಿಗೆ ಬಿಡುತ್ತೇವೆ.

ಈ ದರ್ಶನಕ್ಕೆ ರಾಜಾಶ್ರಯವಿಲ್ಲದೆ ಇರಲಿಲ್ಲ. ಅಮೆರಿಕದ 1975ರ ಇಂಧನ ಕಾಯಿದೆ ಪಿಕಪ್‌ಗಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸಲು ದಾರಿ ಮಾಡಿತು. ಆ ಪಂಕ್ತಿಗೆ ಬಡಿಸಿದ ನಿಯಮಗಳು ಸಡಿಲ. ಕುಟುಂಬಸಮೇತ ತಿರುಗುವ ಎಸ್‌ಯುವಿಗಳೂ ಸಾಮಾನು ಹೊರುವ ಗಾಡಿಗಳ ವೇಷದಲ್ಲಿ ಅಲ್ಲಿಯೇ ಬಂದು ಕೂತವು. 6,000 ಪೌಂಡ್ ಮೀರಿದ ವಾಹನವನ್ನು ವ್ಯಾಪಾರಕ್ಕೆಂದು ಕೊಂಡರೆ ತೆರಿಗೆಯಲ್ಲೂ ರಿಯಾಯಿತಿ. ನಾವೇನೂ ಹಿಂದೆ ಬಿದ್ದಿಲ್ಲ: 2022ರಲ್ಲಿ ಎಸ್‌ಯುವಿ ಎಂದರೇನೆಂದು ಸ್ಪಷ್ಟಪಡಿಸಿದ ನಮ್ಮ ಜಿಎಸ್‌ಟಿ ಮಂಡಳಿ ಉದ್ದ, ಎಂಜಿನ್, ಹೊಟ್ಟೆಯ ಕೆಳಗಿನ 170 ಮಿಲಿಮೀಟರ್ ತೆರವು, ಎಲ್ಲವನ್ನೂ ಅಳೆಯಿತು; ಮೂತಿಯ ಮುಂದೆ ಏನು ಕಾಣುತ್ತದೆಂದು ಮಾತ್ರ ಕೇಳಲಿಲ್ಲ. ಲಂಡನ್ನಿನವರು 12 ಟನ್ ಮೀರಿದ ಲಾರಿಗಳಿಗೆ, ಚಾಲಕನಿಗೆ ಗಾಜಿನಿಂದ ನೇರವಾಗಿ ಎಷ್ಟು ಕಾಣುತ್ತದೆಂದು ನೋಡಿ ನಕ್ಷತ್ರ ಕೊಡುತ್ತಾರೆ, ಸಾಲದಿದ್ದರೆ ಹೆಚ್ಚಿನ ಸುರಕ್ಷತಾ ಸಾಧನ ಹಾಕಿಸದೆ ಒಳಗೆ ಬಿಡುವುದಿಲ್ಲ. ಸಂಬಳಕ್ಕೆ ಓಡಿಸುವವನ ಕಣ್ಣಿಗೆ ಪರೀಕ್ಷೆ, ಶೋಕಿಗೆ ಓಡಿಸುವವನ ಕಣ್ಣಿಗೆ ವಿನಾಯಿತಿ.

ಕ್ಯಾಮೆರಾ ಇಲ್ಲವೇ ಎಂಬುದು ಕೊನೆಯ ಆಕ್ಷೇಪ. ಇದೆ, ಹಿಂದೆ. ಹಿಮ್ಮುಖವಾಗಿ ಬಂದ ವಾಹನಕ್ಕೆ ಸಿಕ್ಕ ಎರಡು ವರ್ಷದ ಬಾಲಕನ ಹೆಸರಿನಲ್ಲಿ 2008ರಲ್ಲಿ ಅಮೆರಿಕ ಕಾಯಿದೆ ಮಾಡಿತು. ಹತ್ತು ವರ್ಷ ಕಳೆದು, 2018ರ ಮೇ ತಿಂಗಳಿಂದ ಹೊಸ ಲಘು ವಾಹನಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ಮುಂದಿನದಕ್ಕೆ ಅಂಥ ಕಡ್ಡಾಯವಿಲ್ಲ. ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದು, ಅಂದರೆ ಕಂಪನಿಯೇ ಏರಿಸಿದ ಗೋಡೆಗೆ ಕಂಪನಿಯಿಂದಲೇ ಕಿಟಕಿ ಕೊಳ್ಳಬಹುದು. ಹೀಗೆ ಕಾನೂನು ಖಾತರಿಯಿತ್ತ ದೃಷ್ಟಿ ಹಿಂದಿನದೊಂದೇ ಆದ್ದರಿಂದ, ಇಂಥ ವಾಹನಗಳನ್ನು ಮನೆಯ ಅಂಗಳದಿಂದ ಶಾಲೆಯ ಗೇಟಿನವರೆಗೂ ಹಿಮ್ಮುಖವಾಗಿಯೇ ಓಡಿಸತಕ್ಕದ್ದೆಂದು ನಾವು ನಿರ್ಣಯಿಸುತ್ತೇವೆ. ಕತ್ತು ನೋಯುತ್ತದೆಂಬ ಆಕ್ಷೇಪ ನಿಲ್ಲುವುದಿಲ್ಲ; ಹಿಂದಿನದನ್ನು ತೋರಿಸುವ ಪರದೆಯನ್ನು ಮುಂದೆಯೇ ಕೂರಿಸಿದ್ದಾರೆ.