ರಾಯರ ರಥೋಪಚಾರ

ಭದ್ರಾವತಿಯ ಕಾಗದನಗರದಲ್ಲಿ ಪ್ರಾತಃಕಾಲ ಆರು ಗಂಟೆಯ ಸುಮಾರಿಗೆ, ಕೈಯಲ್ಲೊಂದು ಹಳೆಯ ಬನಿಯನ್ನಿನ ತುಂಡನ್ನೂ ಕಂಕುಳಲ್ಲೊಂದು ದಪ್ಪ ರಟ್ಟಿನ ಪುಸ್ತಕವನ್ನೂ ಇಟ್ಟುಕೊಂಡು, ಬಿಳಿಯ ಮಾರುತಿ 800 ಕಾರಿಗೆ ಪ್ರದಕ್ಷಿಣೆ ಬರುತ್ತಿರುವ ವೃದ್ಧರೊಬ್ಬರು ಯಾರ ಕಣ್ಣಿಗಾದರೂ ಬಿದ್ದರೆ, ಅವರು ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ರಾಯರೆಂದು ನಿಸ್ಸಂಶಯವಾಗಿ ತಿಳಿಯಬಹುದು. ಈ ವರ್ಗದವರು ಊರಿನ ಅಡ್ಡರಸ್ತೆಗೊಬ್ಬರಂತೆ ಇದ್ದಾರೆ. ಕೆಲವರು ಗೌಡರು, ಕೆಲವರು ಶೆಟ್ಟರು, ಕೆಲವರು ಸಾಹೇಬರು. ಕುಲ ಯಾವುದಾದರೇನು, ಡಿಕ್ಕಿಯಲ್ಲಿ ಜಾಕಿಯ ಪಕ್ಕಕ್ಕೆ ಮಡಿಸಿಟ್ಟ ಗೋಣಿತಾಟು ಎಲ್ಲರದೂ ಒಂದೇ.

ಇಂಥ ಮನುಷ್ಯರು ಈ ಊರಿನಲ್ಲೇ ಏಕೆ ಹೆಚ್ಚಾಗಿ ಹುಟ್ಟಿದರೆಂಬುದಕ್ಕೆ ಕಾರಣವುಂಟು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿ, 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪಿತವಾದ ಈ ಭದ್ರಾತೀರದಲ್ಲಿ, ಮೂರು ಪಾಳಿಯ ಸೈರನ್ನೇ ಗಡಿಯಾರವಾಗಿದ್ದ ತಲೆಮಾರುಗಳು ಬಾಳಿ ಹೋದವು. ಒಂದು ಬೇರಿಂಗಿಗೆ ಗ್ರೀಸು ಕಡಿಮೆಯಾಗಿ ಅದು ಕಾದರೆ, ಯಂತ್ರದ ಮೇಲೆ ಹರಿಯುತ್ತಿದ್ದ ಕಾಗದ ಹರಿದುಹೋಗಿ, ಅದಕ್ಕೆ ಇಡೀ ಪಾಳಿಯೇ ಉತ್ತರ ಹೇಳಬೇಕಾಗುತ್ತಿದ್ದಿತು. ಆ ಶಿಕ್ಷಣ ಪಡೆದವರ ಕೈಗೆ, ಸೇವಾವಧಿ ಮುಗಿದು, 2015ರ ಸುಮಾರಿಗೆ ಆ ಮಹಾಯಂತ್ರಗಳೂ ಸ್ತಬ್ಧವಾದ ಮೇಲೆ ಉಳಿದದ್ದು ಮೂರು ಸಿಲಿಂಡರಿನ ಒಂದು ಪುಟ್ಟ ಎಂಜಿನ್ ಮಾತ್ರ. ಅಷ್ಟು ದೊಡ್ಡ ಶ್ರದ್ಧೆಯನ್ನು ಇಷ್ಟು ಚಿಕ್ಕ ಪಾತ್ರೆಗೆ ಸುರಿದರೆ ಅದು ತುಳುಕದೆ ಇರುವುದುಂಟೆ?

ರಾಯರು ರಾತ್ರಿ ಮಲಗುವ ಮುನ್ನ ಎಂಜಿನ್ನಿನ ಕೆಳಗೆ ನೆಲದ ಮೇಲೆ ಹಳೆಯ ದಿನಪತ್ರಿಕೆಯೊಂದನ್ನು ಹಾಸುತ್ತಾರೆ. ಬೆಳಗಾದೊಡನೆ ಅದನ್ನು ಮೆಲ್ಲನೆ ಎಳೆದು, ಕನ್ನಡಕವೇರಿಸಿ, ಅದರ ಮೇಲೆ ಬಿದ್ದ ಹನಿಗಳನ್ನು ಪರಾಮರ್ಶಿಸುತ್ತಾರೆ: ಕಪ್ಪಾದರೆ ಎಂಜಿನ್ ಆಯಿಲ್, ಹಸಿರಾದರೆ ಕೂಲೆಂಟ್, ವರ್ಣವಿಲ್ಲದ ಬರಿಯ ನೀರಾದರೆ ಎ.ಸಿ.ಯದು, ಚಿಂತೆಯಿಲ್ಲ. ಪತ್ರಿಕೆಗೆ ಬೇಕಾದ ಕಾಗದವನ್ನೇ ತಯಾರಿಸಿದ ಕಾರ್ಖಾನೆಯಲ್ಲಿ ದುಡಿದವರು ಪತ್ರಿಕೆಯಲ್ಲಿ ಸುದ್ದಿಯನ್ನು ಬಿಟ್ಟು ಹನಿಯನ್ನು ಓದುವುದು ವಿಚಿತ್ರವೇ; ಆದರೆ ಇತ್ತೀಚಿನ ಸುದ್ದಿಗಳನ್ನು ನೋಡಿದರೆ ಅವರದೇ ವಿವೇಕವೆಂದು ನನಗೆ ತೋರಿದ್ದುಂಟು. ಅನಂತರ ಆಯಿಲ್ ಕಡ್ಡಿಯ ಸರದಿ. ಎಂಜಿನ್ ತಣ್ಣಗಿರುವಾಗ, ಸಮತಲದಲ್ಲಿ, ಕಡ್ಡಿಯನ್ನು ಎಳೆದು, ಬನಿಯನ್ನಿನಿಂದ ಒರೆಸಿ, ಮತ್ತೆ ಅದ್ದಿ ತೆಗೆದರೆ ಮಾತ್ರ ಅದು ಸತ್ಯ ನುಡಿಯುತ್ತದೆಂಬುದು ಅವರ ಸಿದ್ಧಾಂತ. ಎಣ್ಣೆ ಎರಡು ಗೀಟುಗಳ ನಡುವೆ ನಿಂತಿತೆಂದರೆ ರಾಯರ ಮುಖದಲ್ಲಿ ಮಂದಹಾಸ ಮೂಡುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಿದ ನೆರೆಮನೆಯ ಯುವಕನನ್ನು ಒಮ್ಮೆ ಅವರು ರಟ್ಟೆ ಹಿಡಿದು ಈಚೆಗೆಳೆದರಂತೆ. ಅವನ ಮುಖದ ರೂಪ ಅಂದು ಉಳಿದದ್ದು ರಾಯರ ಕೃಪೆಯೆಂದು ಅವನ ತಾಯಿ ಇಂದಿಗೂ ಹೇಳುತ್ತಾರೆ.

ಕಂಡದ್ದೆಲ್ಲವೂ ಆ ರಟ್ಟಿನ ಪುಸ್ತಕದಲ್ಲಿ ತಾರೀಖಿನೊಡನೆ ದಾಖಲಾಗಬೇಕು. ಒಂದು ದಿನ ಅವರ ಧರ್ಮಪತ್ನಿಯವರು ಕಾಫಿಯ ಲೋಟವನ್ನು ಬಾನೆಟ್ಟಿನ ಮೇಲಿಡಲು ಹೋಗಿ, ರಾಯರ ದೃಷ್ಟಿಯನ್ನು ಕಂಡು ಕೈಯಲ್ಲೇ ಹಿಡಿದುಕೊಂಡು, "ಟೈರಿನ ಹವಾ ಬರೀತೀರಿ, ಬ್ಯಾಟರಿ ನೀರು ಬರೀತೀರಿ. ನನ್ನ ಬಿ.ಪಿ.ಗೂ ಅದರಲ್ಲೊಂದು ಕಾಲಂ ಇದೆಯೇನ್ರಿ?" ಎಂದು ಕೇಳಿದರು. ಸಂಜೆಯೊಳಗೆ ರಾಯರು ರೂಲುದೊಣ್ಣೆ ಹಿಡಿದು ಕೆಂಪು ಶಾಯಿಯಲ್ಲಿ ಒಂದು ಕಾಲಂ ಎಳೆದಿದ್ದರು.

ಭಾನುವಾರ ಈ ರಥ ಶಿವಮೊಗ್ಗಕ್ಕೆ ಹೊರಡುತ್ತದೆ. ಬೆಲ್ಟು ಬಿಗಿದು, ಕನ್ನಡಿ ತಿದ್ದಿ, ಮೊಬೈಲನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಬಂಧನದಲ್ಲಿಟ್ಟ ಹೊರತು ಕೀಲಿ ತಿರುಗದು. ವೇಗ ಅರವತ್ತನ್ನು ಮೀರದು. ಜೊತೆಗೆ ಕುಳಿತ ಬಂಧುಗಳು ಚಡಪಡಿಸಿದರೆ ರಾಯರಲ್ಲಿ ಲೆಕ್ಕ ಸಿದ್ಧವಾಗಿದೆ: ಇಪ್ಪತ್ತು ಕಿಲೋಮೀಟರಿನ ದಾರಿಗೆ ಅರವತ್ತರ ವೇಗದಲ್ಲಿ ಇಪ್ಪತ್ತು ನಿಮಿಷ, ಎಂಬತ್ತರಲ್ಲಿ ಹದಿನೈದು, ಪ್ರಾಣವನ್ನು ಪಣಕ್ಕಿಟ್ಟು ಗಳಿಸುವುದು ಐದೇ ನಿಮಿಷ. ಕಡದಕಟ್ಟೆಯ ರೈಲ್ವೆ ಗೇಟಿನ ಮುಂದೆ ನಿಂತು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸಿದ ಅನುಭವವುಳ್ಳ ಯಾರೂ ಈ ಐದು ನಿಮಿಷವನ್ನು ಸಂಪಾದನೆಯೆಂದು ಕರೆಯಲಾರರು. ಮುಂದಿನ ವಾಹನ ಒಂದು ಕಂಬವನ್ನು ದಾಟಿದೊಡನೆ ರಾಯರು ಗಟ್ಟಿಯಾಗಿ "ಒಂದು, ಎರಡು, ಮೂರು" ಎಂದು ಎಣಿಸುತ್ತಾರೆ. ಮೂರರೊಳಗೆ ತಾವು ಆ ಕಂಬವನ್ನು ಮುಟ್ಟಿದರೆ ಅಂತರ ಸಾಲದೆಂದು ಅರ್ಥ. ಅರವತ್ತರ ವೇಗವೆಂದರೆ ಸೆಕೆಂಡಿಗೆ ಹದಿನಾರು ಮೀಟರಿಗೂ ಮಿಗಿಲು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಮನೆಯಷ್ಟು ದಾರಿ ಸವೆದಿರುತ್ತದೆ ಎಂದು ವ್ಯಾಖ್ಯಾನವೂ ಆಗುತ್ತದೆ. ತೊಂದರೆಯೆಂದರೆ, ಹಾಗೆ ಬಿಟ್ಟ ಅಂತರದೊಳಗೆ ಮಲವಗೊಪ್ಪ ತಲಪುವ ಹೊತ್ತಿಗೆ ಖಾಸಗಿ ಬಸ್ಸೊಂದು ಬಂದು ಸೇರಿಕೊಳ್ಳುತ್ತದೆ; ರಾಯರು ವೇಗ ತಗ್ಗಿಸಿ ಮತ್ತೆ ಒಂದರಿಂದ ಎಣಿಸುತ್ತಾರೆ. ಹೀಗಾಗಿ ಶಿವಮೊಗ್ಗ ಸಮೀಪಿಸುತ್ತದೆಯೋ ಹಿಂದೆ ಸರಿಯುತ್ತದೆಯೋ ಎಂಬ ತಾತ್ತ್ವಿಕ ಸಂದೇಹ ಹಿಂದಿನ ಸೀಟಿನವರಿಗೆ ಉಂಟಾಗುವುದು ಸಹಜ.

ಒಮ್ಮೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಸ್ಟೀರಿಂಗು ಸೋದರಳಿಯನ ಕೈಯಲ್ಲಿದ್ದಿತು. "ಮಾವ, ಇಳಿಜಾರಲ್ವಾ, ನ್ಯೂಟ್ರಲ್‌ಗೆ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ" ಎಂದ.

"ಪೆಟ್ರೋಲು ಉಳಿಯುತ್ತೆ ಕಣಯ್ಯ, ಅದನ್ನ ಉರಿಸೋಕೆ ನೀನೂ ಉಳೀಬೇಕಲ್ಲ! ಎರಡನೇ ಗೇರಿಗೆ ಹಾಕು, ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ" ಎಂದರು ರಾಯರು. ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು, ಬರಿಯ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು, ಕಡೆಗೆ ಬೇಕಾದ ಹೊತ್ತಿಗೆ ಹಿಡಿಯದೆ ಹೋಗುತ್ತದೆಂದು ಸೋಮೇಶ್ವರದವರೆಗೂ ಬೋಧನೆ ನಡೆಯಿತು. ಏರಿ ಬರುವ ಪ್ರತಿಯೊಂದು ವಾಹನಕ್ಕೂ ನಿಂತು ದಾರಿ ಬಿಟ್ಟುಕೊಟ್ಟದ್ದರಿಂದ ಬೋಧನೆಗೆ ಕಾಲಾವಕಾಶವೂ ಯಥೇಚ್ಛವಾಗಿದ್ದಿತು.

ಇಂಥ ರಾಯರು ಸೋತದ್ದು ಟೈರಿನಂಗಡಿಯ ಹುಡುಗನೊಬ್ಬನ ಮುಂದೆ. ಮಳೆಗಾಲಕ್ಕೆ ಮುನ್ನ ವೈಪರಿನ ರಬ್ಬರು ಬದಲಿಸಿ, ಹಾಗೆಯೇ ಹವಾ ನೋಡಿಸಲು ಹೋದಾಗ, ಆ ಹುಡುಗ ಕುಕ್ಕರುಗಾಲಲ್ಲಿ ಕುಳಿತು, ಟೈರಿನ ಪಾರ್ಶ್ವವನ್ನು ಹೆಬ್ಬೆರಳಿನಿಂದ ಉಜ್ಜಿ, "ಸಾರ್, ನಾಲ್ಕೂ ತೆಗೀಬೇಕು" ಎಂದುಬಿಟ್ಟ.

"ಏನಯ್ಯಾ! ಗ್ರಿಪ್ಪಿನ ಆಳ ನೋಡು. 1.6 ಮಿಲಿಮೀಟರಿಗಿಂತ ಕೆಳಗಿಳಿದರೆ ತಾನೇ ತೆಗೆಯೋದು? ಇದು ಅದರ ಮೂರರಷ್ಟಿದೆ!"

"ಗ್ರಿಪ್ ಇದೆ ಸಾರ್. ವಯಸ್ಸಾಯ್ತು." ಹುಡುಗ ಬೆರಳಿಟ್ಟ ಕಡೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಮಧ್ಯೆ, ನಾಲ್ಕಂಕಿಯ ಒಂದು ಮುದ್ರೆ: 2310. ಅಂದರೆ 2010ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ, ಹತ್ತು ತುಂಬಿದರೆ ಸವೆಯದಿದ್ದರೂ ವಿಸರ್ಜನೆ ಎಂಬುದು ಟೈರು ತಯಾರಕರ ಮಾತು. ವಾರಕ್ಕೊಮ್ಮೆ ಹೊರಟು, ಮಿಕ್ಕ ದಿನಗಳೆಲ್ಲ ಒರೆಸಿಕೊಂಡು ನಿಂತ ಕಾರಿನ ಟೈರು ಸವೆಯುವುದಾದರೂ ಹೇಗೆ? ನಿಂತಲ್ಲೇ ಮುಪ್ಪಾಗಿದ್ದಿತು. ಎಲ್ಲವನ್ನೂ ದಾಖಲಿಸಿದ ಆ ಪುಸ್ತಕದಲ್ಲಿ ಈ ನಾಲ್ಕು ಅಂಕಿಗಳಿಗೆ ಕಾಲಮ್ಮೇ ಇರಲಿಲ್ಲ.

ರಾಯರು ಬಹಳ ಹೊತ್ತು ವಾದಿಸಿದರು. ಒಂದು ಪಂಕ್ಚರಿಲ್ಲ, ಒಂದು ದೂರಿಲ್ಲ, ಮೈಯಲ್ಲಿ ಇನ್ನೂ ಕಸುವಿದೆ, ಬರಿಯ ಜನ್ಮದಿನಾಂಕ ನೋಡಿ ಮನೆಗೆ ಕಳುಹಿಸುವುದು ಅನ್ಯಾಯವೆಂದರು. ಮಾತು ಟೈರಿನದೋ ತಮ್ಮದೋ ಎಂಬ ಗೊಂದಲ ಅವರಿಗೇ ಉಂಟಾಗಿರಬೇಕು, ತಟ್ಟನೆ ನಿಲ್ಲಿಸಿ, "ಸರಿ, ಹೊಸದು ತೆಗೆ" ಎಂದರು. ಹುಡುಗ ಹೊಸ ಟೈರುಗಳನ್ನು ಉರುಳಿಸಿಕೊಂಡು ಬಂದ. ರಾಯರು ಕನ್ನಡಕವೇರಿಸಿ, ಗೋಣಿತಾಟು ಹಾಸಿ ಮಂಡಿಯೂರಿ, ಒಂದೊಂದರ ಮುದ್ರೆಯನ್ನೂ ಓದತೊಡಗಿದರು. ಮೂರು ಒಂದೇ ವಾರದವು, ನಾಲ್ಕನೆಯದು ಏಳು ವಾರ ಹಿರಿಯದು. ಅದನ್ನು ಹಿಂದಕ್ಕೆ ನೂಕಿದರು. ಹುಡುಗ ಗೋಡೌನಿಗೆ ಮತ್ತೆರಡು ಬಾರಿ ಹೋಗಿಬರಬೇಕಾಯಿತು.