ಹೆಚ್ಚಿಗೆ ಕೊಟ್ಟಿದ್ದನ್ನ ಮುರಕೋತೀವ್ರಿ!

ಪಗಾರ ಕಡಿಮೆ ಬಿದ್ದಿದೆ ಎಂದು ಒಂದು ಅರ್ಜಿ ಕೊಟ್ಟು ನೋಡಿ. ಅದು ಶಿಗ್ಗಾವಿಯ ಮೇಜಿನಿಂದ ಹಾವೇರಿಯ ಮೇಜಿಗೆ ಹೋಗಿ, ಅಲ್ಲಿ ಒಂದು ಗಡದ್ದು ನಿದ್ದೆ ತೆಗೆದು, ‘ಸೂಕ್ತ ದಾಖಲೆಗಳೊಂದಿಗೆ ಮರುಸಲ್ಲಿಸುವುದು’ ಎಂಬ ಷರಾ ಹೊತ್ತು ವಾಪಸು ಬರುವಷ್ಟರಲ್ಲಿ ಮಗಳ ಮದುವೆ ಮುಗಿದು ಮೊಮ್ಮಗನ ಜಾವಳವೂ ಆಗಿರುತ್ತದೆ. ಅದೇ ಪಗಾರ ಹೆಚ್ಚಿಗೆ ಬಿದ್ದಿದೆ ಎಂದು ಆಡಿಟ್ ಸಾಹೇಬರ ಕೆಂಪು ಪೆನ್ನು ಒಂದು ಗೆರೆ ಎಳೆಯಲಿ, ಸಂಜೆಯೊಳಗೆ ಮೆಮೊ ತಯಾರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅನ್ನುವುದು ಇದಕ್ಕೇ. ಸುಣ್ಣದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಣಿಸದ ರೊಕ್ಕ ಕೈಗೆ ಬೀಳುವುದರಲ್ಲಿ ನಮ್ಮ ಸೀಮೆಗೆ ದೊಡ್ಡ ಪರಂಪರೆಯೇ ಇದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕ ನೆಲ ಅಗೆಸುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿ ಕನಕನಾದನಂತೆ, ಆ ಹೊನ್ನಿನಲ್ಲಿ ಕಾಗಿನೆಲೆಯ ಆದಿಕೇಶವನಿಗೆ ಗುಡಿ ಕಟ್ಟಿಸಿದನಂತೆ. ಪುಣ್ಯಾತ್ಮ, 16ನೇ ಶತಮಾನದಲ್ಲೇ ಬಾಳಿ ಬಚಾವಾದ. ಇವತ್ತಾಗಿದ್ದರೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ‘ಸದರಿ ಕೊಪ್ಪರಿಗೆಗೆ ಮಂಜೂರಾತಿ ಆದೇಶ ಕಂಡುಬರುವುದಿಲ್ಲ’ ಎಂಬ ಆಕ್ಷೇಪಣೆ ಬಂದು, ಗುಡಿಯನ್ನೇ ಕಂತು ಕಂತಾಗಿ ಮುರಿದುಕೊಳ್ಳುತ್ತಿದ್ದರು.

ಖಾಸಗಿಯವರ ಲೆಕ್ಕ ಸಲೀಸು. ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಬಟವಡೆಯ ದಿನ ಐದುನೂರು ಹೆಚ್ಚಿಗೆ ಹೋದರೆ ಸಾಹುಕಾರ ಮುಂದಿನ ವಾರ ಮುರಿದುಕೊಳ್ಳುತ್ತಾನೆ. ಜಗಳ ಆಗುತ್ತದೆ, ಚಾ ಕುಡಿಯುತ್ತಾರೆ, ಮುಗಿಯಿತು. ಹಾಗೆ ಮುರಿದುಕೊಳ್ಳಲು ಕಾನೂನಿನ ಒಪ್ಪಿಗೆಯೂ ಇದೆ. ಆದರೆ ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟಬಾರದು ಎಂದು 1936ರ ವೇತನ ಪಾವತಿ ಕಾಯ್ದೆ ಗೆರೆ ಹಾಕಿತ್ತು. ಸಹಕಾರಿ ಸಂಘದ ಸಾಲ ಇದ್ದವನಿಗೆ ಮಾತ್ರ ಮುಕ್ಕಾಲಿನವರೆಗೆ ಸಡಿಲ ಬಿಟ್ಟಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಅರ್ಧದ ಗೆರೆ ಉಳಿದಿದೆ. ಈ ಗೆರೆ ಗಿರಣಿಯ ಹಮಾಲನಿಗೆ ಗೊತ್ತಿಲ್ಲ, ಸಾಹುಕಾರನಿಗೆ ಗೊತ್ತಿದ್ದರೂ ಗೊತ್ತಿಲ್ಲ.

ನಿಜವಾದ ನಾಟಕ ನೋಡಬೇಕಾದರೆ ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರು ಅರವತ್ತಕ್ಕೆ ನಿವೃತ್ತಿಯಾಗುವ ವರ್ಷಕ್ಕೆ ಬರಬೇಕು. ಅಲ್ಲಿಯವರೆಗೆ ಮಾಸ್ತರರ ಸೇವಾ ಪುಸ್ತಕವನ್ನು ಇಲಿಯೂ ಓದಿರುವುದಿಲ್ಲ. ಪಿಂಚಣಿ ಕಾಗದ ಕಳಿಸುವಾಗ ಅದಕ್ಕೆ ಜೀವ ಬರುತ್ತದೆ. ಯಾವ ಕಾಲದಲ್ಲೋ ಸಂಬಳರಹಿತ ರಜೆ ಹಾಕಿದ್ದರಿಂದ ಇಂಕ್ರಿಮೆಂಟು ಮುಂದೆ ಹೋಗಬೇಕಿತ್ತು, ಹೋಗಿಲ್ಲ. ಹತ್ತು ವರ್ಷದ ಕಾಲಮಿತಿ ಬಡ್ತಿ ಕೆಲವು ತಿಂಗಳು ಮುಂಚೆಯೇ ಬಂದಿದೆ. ಅಲ್ಲಿ ಒಂದು ಇಂಕ್ರಿಮೆಂಟು ತಪ್ಪಿದರೆ ಅದರ ಮೇಲೆ ತುಟ್ಟಿಭತ್ಯೆ ತಪ್ಪು, ಮನೆಬಾಡಿಗೆ ಭತ್ಯೆ ತಪ್ಪು, ಪ್ರತಿ ವೇತನ ಆಯೋಗದ ಫಿಕ್ಸೇಷನ್ನೂ ತಪ್ಪು. 2024ರ ಆಗಸ್ಟಿನಲ್ಲಿ ರಾಜ್ಯದ 7ನೇ ವೇತನ ಆಯೋಗ ಶೇ 27.5ರ ಫಿಟ್‌ಮೆಂಟು ಕೊಟ್ಟಿತಲ್ಲ, ಆ ಸಣ್ಣ ತಪ್ಪಿಗೂ ಶೇ 27.5 ಸಿಕ್ಕಿತು! ಲೆಕ್ಕ ತೆಗೆದರೆ ಲಕ್ಷ ದಾಟುತ್ತದೆ. ಗ್ರ್ಯಾಚುಯಿಟಿಯಲ್ಲಿ ಹಿಡಿಯಿರಿ ಎಂದು ಷರಾ.

‘ಆ ಲೆಕ್ಕಾ ಹಾಕಿದ್ದು ನಾ ಅಲ್ಲರೀ ಸಾಹೇಬ್ರ’ ಅನ್ನುತ್ತಾರೆ ಮಾಸ್ತರು.

‘ಹಾಕಿದವರು ರಿಟೈರಾಗಿ ಹೋದರ್ರಿ. ರೊಕ್ಕಾ ತಗೊಂಡಾವರು ನೀವಲ್ಲೇನ್ರಿ?’

ಇದಕ್ಕೆ ಉತ್ತರ ಎಲ್ಲಿದೆ? 2012ರಲ್ಲಿ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಈ ಮಾತನ್ನೇ ಹೇಳಿತ್ತು. ಅದು ತೆರಿಗೆ ಕಟ್ಟಿದವರ ಹಣ, ಕೊಟ್ಟವನದೂ ಅಲ್ಲ, ತೆಗೆದುಕೊಂಡವನದೂ ಅಲ್ಲ ಎಂದು. ಒಪ್ಪೋಣ. ಆದರೆ ಮೆಮೊ ಮಾತ್ರ ತೆಗೆದುಕೊಂಡವನ ಮನೆಗೇ ಬರುತ್ತದೆ, ಕೊಟ್ಟವನ ಮನೆ ಪೋಸ್ಟ್‌ಮ್ಯಾನಿಗೆ ಸಿಗುವುದಿಲ್ಲ.

ಈಗ ಸುಣ್ಣಕ್ಕೆ ಬರೋಣ. 2014ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಪಂಜಾಬಿನ ರಫೀಕ್ ಮಸೀಹ್ ಪ್ರಕರಣದ ತೀರ್ಪು ಕೊಟ್ಟಿತು. ಆತ ಸುಣ್ಣ ಬಳಿಯುವ ನೌಕರ. ಪ್ರಕರಣದ ಹೆಸರಿನ ಪಕ್ಕ ಕಂಸದಲ್ಲಿ ಆ ಕಸುಬು ಇವತ್ತಿಗೂ ಹಾಗೇ ಇದೆ. ಸಿ ಮತ್ತು ಡಿ ದರ್ಜೆಯವರಿಂದ ವಸೂಲಿ ಬೇಡ, ನಿವೃತ್ತರಾದವರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ಬೇಡ, ಐದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಕೊಡುತ್ತ ಬಂದಿದ್ದರೆ ಬೇಡ, ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಪಗಾರ ಕೊಟ್ಟಿದ್ದರೆ ಬೇಡ, ವಸೂಲಿ ತೀರಾ ಅನ್ಯಾಯವಾಗುವ ಕಡೆಯೂ ಬೇಡ ಎಂದಿತು. ಸುಳ್ಳು ಹೇಳಿ, ದಾಖಲೆ ತಿದ್ದಿ ರೊಕ್ಕ ಎತ್ತಿದವನಿಗೆ ಈ ನೆರಳಿಲ್ಲ, ಇರಲೂಬಾರದು. ನಮ್ಮ ಮಾಸ್ತರು ಸಿ ದರ್ಜೆ, ನಿವೃತ್ತಿಯ ಹೊಸ್ತಿಲು, ಐದು ವರ್ಷ ಎಂದೋ ದಾಟಿದೆ. ಮೂರು ಕೊಡೆ ಒಟ್ಟಿಗೆ ಹಿಡಿದಿದ್ದಾರೆ, ಆದರೂ ನೆನೆಯುತ್ತಾರೆ. ಯಾಕೆಂದರೆ ತೀರ್ಪು ದಿಲ್ಲಿಯಿಂದ ಹಾನಗಲ್ಲಿಗೆ ಬರುವ ಬಸ್ಸಿಗೆ ಸ್ಟಾಪು ಬಹಳ.

ಕೇರಳದ ಥಾಮಸ್ ಡೇನಿಯಲ್ ಕಥೆ ಕೇಳಿ. ಮಾಸ್ತರಿಕೆ ಮಾಡಿ 1999ರಲ್ಲಿ ನಿವೃತ್ತಿ. ಹೆಚ್ಚಿಗೆ ಕೊಟ್ಟ ಇಂಕ್ರಿಮೆಂಟು ಅವರಿಂದ ವಾಪಸು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಮೇ ತಿಂಗಳಲ್ಲಿ. ಗೆಲುವಂತೂ ಗೆಲುವೇ. ಆದರೆ ಅಷ್ಟು ವರ್ಷ ಕಾಯುವ ಆರೋಗ್ಯ ನಿಮಗಿದೆಯೇ?

ಸವಣೂರಿನ ಎಲೆ ಮಡಿಚುತ್ತ ಕಟ್ಟೆಯ ಮೇಲೆ ಕುಳಿತ ಹಿರಿಯರು ‘ಕೇಸ್ ಹಾಕ್ರಿ, ಗೆದ್ದಬಿಡತೀರಿ’ ಅನ್ನುತ್ತಾರೆ. ಅಷ್ಟು ಬೇಗ ಹಾರಬೇಡಿ. 2016ರ ಜಗದೇವ್ ಸಿಂಗ್ ತೀರ್ಪಿನಲ್ಲಿ ಒಂದು ಮುಳ್ಳಿದೆ. ಪಗಾರ ಪರಿಷ್ಕರಣೆಯಾದಾಗ ‘ಹೆಚ್ಚಿಗೆ ಬಂದರೆ ಮರಳಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದ ನ್ಯಾಯಾಧೀಶರಿಗೆ ಅದೇ ಕೋರ್ಟು, ಕೊಟ್ಟ ಮಾತು ಮಾತೇ, ಕಂತಿನಲ್ಲಿ ಕಟ್ಟಿ ಅಂದಿತು. ಅರಿಯರ್ಸಿನ ಸಂಭ್ರಮದಲ್ಲಿ ಗುಮಾಸ್ತರು ‘ಇಲ್ಲೊಂದ್ ಸಹಿ, ಇಲ್ಲೊಂದ್ ಸಹಿ’ ಎಂದು ಮುಂದಿಡುವ ಕಾಗದಗಳನ್ನು ನಾವು ಓದುತ್ತೇವೆಯೇ? ಸಾಲದ ಬಗ್ಗೆ ಹಿರೇಕೆರೂರು ಸೀಮೆಯ ಸರ್ವಜ್ಞ ಹೇಳಿದ್ದು ನಮಗೆಲ್ಲ ಬಾಯಿಪಾಠ, ಸಹಿ ಮಾಡುವ ದಿನ ಮಾತ್ರ ನೆನಪಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೋದ ತಿಂಗಳು ಎರಡು ಸಲ ಜಮೆಯಾದ ಪಗಾರವನ್ನು ಮರುಮಾತಿಲ್ಲದೆ ವಾಪಸು ಕೊಡಬೇಕು. ಇಪ್ಪತ್ತು ವರ್ಷ ಕಚೇರಿಯೇ ಕಾಣದ ತಪ್ಪನ್ನು ಮಾಸ್ತರರ ಗ್ರ್ಯಾಚುಯಿಟಿಯಲ್ಲಿ ಹುಡುಕುವುದು ಶುದ್ಧ ದಂಡ, ಅದನ್ನು ವಸೂಲಿ ಎಂದು ಕರೆಯುವುದೇ ತಪ್ಪು. ಆದ್ದರಿಂದ ಇನ್ನೂ ನೌಕರಿಯಲ್ಲಿರುವವರೇ, ಈ ರವಿವಾರ ಸುಮ್ಮನೆ ಕೂಡುವ ಬದಲು ನಿಮ್ಮ ಸೇವಾ ಪುಸ್ತಕದ ಪ್ರತಿ ತರಿಸಿ ಇಂಕ್ರಿಮೆಂಟಿನ ತಾರೀಖು ನೋಡಿಕೊಳ್ಳಿ. ಮೆಮೊ ಈಗಾಗಲೇ ಬಂದಿದ್ದರೆ ‘ಒಪ್ಪಿದ್ದೇನೆ’ ಎಂದು ಸಹಿ ಹಾಕುವ ಮುಂಚೆ ಲೆಕ್ಕದ ತಖ್ತೆಯನ್ನು ಲಿಖಿತವಾಗಿ ಕೇಳಿ, ಹಿಂದೆ ಮುಚ್ಚಳಿಕೆ ಕೊಟ್ಟಿದ್ದೀರೋ ಇಲ್ಲವೋ ಖಚಿತ ಮಾಡಿಕೊಳ್ಳಿ, ಉತ್ತರವನ್ನೂ ಕಾಗದದಲ್ಲೇ ಕೊಟ್ಟು ಸ್ವೀಕೃತಿಯ ಶಿಕ್ಕಾ ಹೊಡೆಸಿಕೊಳ್ಳಿ.