ಮಂದಗತಿ ಮೀಮಾಂಸೆ: ಕಾಕತಿಯ ಒಂದು ಡಿಸ್ಕಿನ ಶಾಸ್ತ್ರೀಯ ವಿಚಾರಣೆ

ಕಾಕತಿ 1778ರಲ್ಲಿ ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು. ಕೇಳಿದ ತಕ್ಷಣ ಕಪ್ಪ ಒಪ್ಪಿಸುವುದು ಈ ಮಣ್ಣಿನ ಗುಣವಲ್ಲ. ಹೀಗಾಗಿ ಇಲ್ಲಿನ ಮನೆಯೊಂದರ ಸ್ಟೋರೇಜ್ ಸರ್ವರ್ ಮದುವೆ ವಿಡಿಯೊ ತುಂಬುವಾಗ ಮುಗ್ಗರಿಸಿದಾಗ, 'ಹೊಸಾ ಡಿಸ್ಕ್ ತಗೊಂಡ ಬಿಡ್ರಿ' ಎಂಬ ಅಂಗಡಿಯವರ ಮಾತಿಗೆ ಸೊಪ್ಪು ಹಾಕದೆ ಶಾಸ್ತ್ರವಿಚಾರ ಆರಂಭವಾಯಿತು.

ಲಕ್ಷಣ: ಮೊದಮೊದಲು ಸೆಕೆಂಡಿಗೆ 110 ಎಂಬಿ ಓಟ, ಆಮೇಲೆ 10ಕ್ಕೂ ತತ್ವಾರ.

ಪೂರ್ವಪಕ್ಷದವರಲ್ಲಿ ಕೇಬಲ್‌ವಾದಿಗಳು ಹಿರಿಯರು. ನೆಟ್‌ವರ್ಕ್ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕಡಿದರೂ ಗಿಗಾಬಿಟ್ ಸಂಪರ್ಕ 100 ಮೆಗಾಬಿಟ್ಟಿಗೆ ಇಳಿಯಬಹುದು, ಆಗ ಸಿಗುವುದು ಸುಮಾರು 12 ಎಂಬಿ. ಸತ್ಯವೇ. ಆದರೆ ಕಡಿದ ತಂತಿ ಮೊದಲ ಹತ್ತು ನಿಮಿಷ ಮಾತ್ರ ನೆಟ್ಟಗಿರುವುದಿಲ್ಲ.

ಕಂಪನವಾದಿಗಳು ಗಣಪತಿ ಮೆರವಣಿಗೆಯ ಡಾಲ್ಬಿಯತ್ತ ಬೆರಳು ತೋರಿದರು. ನಗಬೇಡಿ. 2008ರಲ್ಲಿ ಸನ್ ಕಂಪನಿಯ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದೆ ನಿಂತು ಅರಚಿದಾಗ ಅವು ತಡವರಿಸಿದ್ದು ಗ್ರಾಫಿನಲ್ಲೇ ಕಂಡಿತ್ತು. ಆದರೆ ನಮ್ಮ ಡಿಸ್ಕು ಮೆರವಣಿಗೆಯಿಲ್ಲದ ಆಷಾಢದಲ್ಲೂ ನಿಧಾನ. ದೃಷ್ಟಿವಾದಿಗಳು ಕಟ್ಟಿದ ನಿಂಬೆಹಣ್ಣು ಫ್ಯಾನಿಗೆ ಅಡ್ಡ ಬಂದು ಉಷ್ಣ ಏರಿತು. ಅವರನ್ನು ಇಲ್ಲಿಗೇ ಬಿಡೋಣ.

ಸಿದ್ಧಾಂತ ಹೊಳೆದದ್ದು ಮಳೆಗೆ ಮುಂಚೆ ಹಂಚು ಕೈಯಾಡಿಸುವ ಖಾನಾಪುರದವರಿಂದ. 'ನಡುವಿನ ಒಂದ ಹಂಚ್ ತಗೀಬೇಕಂದ್ರ ಮ್ಯಾಲಿನ್ವು ಎಬ್ಬಸಬೇಕ್ರಿ ಯಜಮಾನ್ರ' ಎಂದರು. ಉಪಮಾನ ಪ್ರಮಾಣ ಕೈಗೂಡಿತು! ಎಸ್‌ಎಂಆರ್ ಎಂಬ ಜಾತಿಯ ನಮ್ಮದರಂಥ ಡಿಸ್ಕಿನಲ್ಲಿ ಬರೆಯುವ ಹೆಡ್ ಅಗಲ, ಓದುವ ಹೆಡ್ ಕಿರಿದು. ಆದ್ದರಿಂದ ಟ್ರ್ಯಾಕುಗಳನ್ನು ಒಂದರ ಮೇಲೊಂದು ಅಂಚು ಹೊದಿಸಿ ಹೆಚ್ಚು ಮಾಹಿತಿ ತುರುಕುತ್ತಾರೆ. ಓದಲು ತೊಂದರೆಯಿಲ್ಲ. ನಡುವೆ ಒಂದು ಸಾಲು ತಿದ್ದಬೇಕಾದರೆ ಆ ಟ್ರ್ಯಾಕುಗಳ ಇಡೀ ಪಟ್ಟಿಯನ್ನೇ, ಎಷ್ಟೋ ಡಿಸ್ಕುಗಳಲ್ಲಿ 256 ಎಂಬಿಯಷ್ಟನ್ನು, ಮತ್ತೆ ಬರೆಯಬೇಕು. ಬಂದದ್ದನ್ನು ಡಿಸ್ಕು ಮೊದಲು ತನ್ನ ಪಡಸಾಲೆಯಲ್ಲಿ ಇಳಿಸಿಕೊಂಡು, ಬಿಡುವಾದಾಗ ಒಳಗೆ ಜೋಡಿಸುತ್ತದೆ. ಪಡಸಾಲೆ ತುಂಬುವವರೆಗೆ 110, ತುಂಬಿದ ಮೇಲೆ ಹೊಸ್ತಿಲಲ್ಲೇ ನೂಕುನುಗ್ಗಲು.

2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಈ ತಂತ್ರವಿದೆಯೆಂದು ಒಪ್ಪಿಕೊಂಡಿತು. ಅವು ಮನೆ ಸರ್ವರಿಗೆಂದೇ ಮಾರಿದಂಥವು. ಗ್ರಾಹಕರು ರೇಗಿದ್ದು ನ್ಯಾಯವೇ. ಹಂಚಿನ ಮನೆಯೋ ತಾರಸಿಯೋ ಎಂದು ಹೇಳದೆ ಮನೆ ಮಾರುವುದು ವ್ಯಾಪಾರವಲ್ಲ. ಕಾಕತಿಯ ಡಿಸ್ಕು ಯಾವ ಕಂಪನಿಯದೆಂಬುದು ಈ ಗ್ರಂಥದ ವಿಷಯವಲ್ಲ.

ಪರಿಹಾರ: ಬ್ಯಾಕಪ್‌ಗೆ ಇದೇ ಡಿಸ್ಕು ಸಾಕು, ತುಂಬಿಸಿ ರಾತ್ರಿಯಿಡೀ ಅದರ ಪಾಡಿಗೆ ಬಿಡಬೇಕು. ದಿನದ ಬಳಕೆಗೂ ಹಲವು ಡಿಸ್ಕು ಕೂಡಿಸಿದ ರೇಡ್‌ಗೂ ಟ್ರ್ಯಾಕುಗಳು ಒಂದರ ಮೇಲೊಂದು ಹೊದೆಯದ ಸಿಎಂಆರ್ ಡಿಸ್ಕೇ ಬೇಕು, ಇಲ್ಲವಾದರೆ ಒಂದು ಕೆಟ್ಟಾಗ ಮರುಜೋಡಣೆ ದಿನಗಟ್ಟಲೆ ಎಳೆಯುತ್ತದೆ. ಒಂದೇ ಮದುವೆ ವಿಡಿಯೊ ಏಳು ಫೋಲ್ಡರುಗಳಲ್ಲಿ ಇರುವುದೇಕೆ ಎಂಬ ಪ್ರಶ್ನೆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ, ಮಾವನವರ ವ್ಯಾಪ್ತಿಗೆ ಬರುತ್ತದೆ.